ಪ್ರಶ್ನೆ ಕೇಳಿ ಏನು ಬಂತು ಎಂದ ಮಾಸ್ಟ್ರಿಗೆ

ಮಾಸ್ಟ್ರೇ, ನಮಸ್ಕಾರ.

ಬದಿಯಡ್ಕದಿಂದ ನೀವು ಬರೆದ ಕಾಗದ ಸಿಕ್ಕಿತು. ಕಳೆದ ಸಂಚಿಕೆಯಲ್ಲಿ ವಿದೇಶ ವ್ಯವಹಾರಗಳ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೂ ಸಚಿವರ ಉತ್ತರಗಳಿಗೂ ಎರಡು ಪುಟ ಕೊಟ್ಟದ್ದು ನಿಮಗೆ ಹಿಡಿಸಲಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಅಧ್ಯಾಪಕರಾಗಿ ಕಳಿಸುವ ಈ ಕಾಲದಲ್ಲಿ ದೆಹಲಿಯ ಮಾತುಕತೆ ಕಾಸರಗೋಡಿನವರಿಗೇಕೆ ಎಂದು ಕೇಳಿದ್ದೀರಿ. 'ಅವು ಉತ್ತರಗಳಲ್ಲ, ಉತ್ತರದ ವೇಷ ಹಾಕಿದ ಮೌನ' ಎಂದೂ ಬರೆದಿದ್ದೀರಿ. ಶಾಲೆಯ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಅದನ್ನು ಪತ್ರಿಕೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ವಿದೇಶಾಂಗ ನೀತಿ ನಮ್ಮದಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ.

2011ರ ಏಪ್ರಿಲನ್ನು ನೆನಪು ಮಾಡಿಕೊಳ್ಳಿ. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಜಗತ್ತಿನಿಂದಲೇ ತೆಗೆಯಬೇಕೇ ಎಂದು, ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಡಂಬಡಿಕೆಯ ದೇಶಗಳು ಜಿನೀವಾದಲ್ಲಿ ಕೂತು ಚರ್ಚಿಸುತ್ತಿದ್ದವು. ಮೊದಲು ಅಡ್ಡ ನಿಂತವರಲ್ಲಿ ನಮ್ಮದೇ ದೇಶದ ನಿಯೋಗವೂ ಇತ್ತು. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟು ಇಲ್ಲಿಯೂ ನಿಲ್ಲಿಸಿತು. ಗೇರುತೋಟಗಳ ಮೇಲೆ ಹೆಲಿಕಾಪ್ಟರು ಸುರಿದು ಹೋದದ್ದು ಎಣ್ಮಕಜೆಯ, ಪಡ್ರೆಯ ತೋಡುಗಳಿಗೆ ಇಳಿದಿತ್ತಲ್ಲ, ಆ ನೀರಿನ ಮಾತನ್ನೇ ಭಾರತದ ಹೆಸರಲ್ಲಿ ಅಲ್ಲಿ ಆಡುತ್ತಿದ್ದರು. ಅಲ್ಲಿ ಹೇಳಬೇಕಾದದ್ದನ್ನು ಯಾರು ನಿರ್ಧರಿಸಿದರು, ಯಾವ ವರದಿಯ ಆಧಾರದ ಮೇಲೆ? ಇದನ್ನು ಕೇಳುವ ಜಾಗ ಸಂಸತ್ತು. ಆದರೆ ಕೇಳಬೇಕಾದದ್ದು ವಿದೇಶಾಂಗ ಸಚಿವರನ್ನಲ್ಲ, ಪರಿಸರ ಸಚಿವರನ್ನು. ಹೊರದೇಶದ ವಿಷಯ ಎಂದರೆ ಎಲ್ಲವೂ ಒಂದೇ ಖಾತೆಯಲ್ಲಿರುವುದಿಲ್ಲ.

ಅಡಿಕೆಯನ್ನೇ ನೋಡಿ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗಕ್ಕೆ ತರಿಸಬಾರದೆಂಬ ಮಿತಿಯ) ಕಟ್ಟಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಿತು. ಭೂತಾನ ನಮ್ಮ ಆಪ್ತ ನೆರೆರಾಷ್ಟ್ರ. ಆ ಸ್ನೇಹಕ್ಕೆ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಫೆಬ್ರವರಿಯಲ್ಲಿ ಬೇರೆ ಕಡೆಯ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಎರಡೂ ನಿಮ್ಮ ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಗೆ ಸಂಬಂಧಿಸಿದ ತೀರ್ಮಾನಗಳೇ.

ಈಗ ಈ ವಿಷಯದಲ್ಲಿ ಸಂಸದರೊಬ್ಬರು 'ಭೂತಾನಿನ ಅಡಿಕೆಯಿಂದ ರೈತರಿಗೆ ಅನ್ಯಾಯವಾಗಿಲ್ಲವೇ?' ಎಂದು ಕೇಳಿದರೆ, 'ರೈತರ ಹಿತ ಕಾಯಲು ಸರ್ಕಾರ ಬದ್ಧ' ಎಂಬ ಉತ್ತರ ಬರುತ್ತದೆ. ನೀವು ಮೌನ ಎಂದದ್ದು ಇದನ್ನೇ, ಸರಿಯಾಗಿಯೇ ಹೇಳಿದ್ದೀರಿ. ಆದರೆ ತಪ್ಪು ಉತ್ತರದ್ದಷ್ಟೇ ಅಲ್ಲ, ಪ್ರಶ್ನೆಯದ್ದೂ ಹೌದು. ಲೋಕಸಭೆಯ ನಿಯಮದಂತೆ ಪ್ರಶ್ನೆಯಲ್ಲಿ ಅಭಿಪ್ರಾಯ ಕೇಳುವಂತಿಲ್ಲ, ಊಹೆಯ ಮಾತು ಕೂಡದು, ಮಿತ್ರರಾಷ್ಟ್ರದ ಬಗ್ಗೆ ಅಗೌರವ ಸಲ್ಲದು, 150 ಪದ ಮೀರುವಂತಿಲ್ಲ. ಈ ಬೇಲಿಯೊಳಗೆ ನಿಂತು ಹೀಗೆ ಕೇಳಿದರೆ: ಕಳೆದ ಮೂರು ವರ್ಷಗಳಲ್ಲಿ ಭೂತಾನಿನಿಂದ ವರ್ಷಕ್ಕೆ ಎಷ್ಟು ಟನ್ ಬಂತು, ಯಾವ ಗಡಿಠಾಣೆಯಿಂದ, ಯಾವ ಬೆಲೆಗೆ, ಬೇರೆ ದೇಶದ ಅಡಿಕೆ ಅದರೊಂದಿಗೆ ನುಸುಳಿದ್ದು ಎಷ್ಟು ಸಲ ಸಿಕ್ಕಿಬಿತ್ತು? ವಾಣಿಜ್ಯ ಸಚಿವರು ಅಂಕಿ ಕೊಡಬೇಕು, ಅಥವಾ ಕೊಡುವುದಿಲ್ಲ ಎಂದು ಬರೆದು ಸಹಿ ಹಾಕಬೇಕು.

ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳಿಗೆ ನಕ್ಷತ್ರದ ಗುರುತು. ಅವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮರುಪ್ರಶ್ನೆಗೂ ಅವಕಾಶ ಉಂಟು. 230ಕ್ಕೆ ಲಿಖಿತ ಉತ್ತರ ಮಾತ್ರ. ಚೀಟಿ ಎತ್ತಿ ಸರದಿ ನಿರ್ಧಾರವಾಗುತ್ತದೆ. ಕನಿಷ್ಠ 15 ದಿನ ಮುಂಚೆ ಕೊಡಬೇಕು. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದು ಸಚಿವರು ಹೇಳಿದರೆ ಅದು ಭರವಸೆಯೆಂದು ದಾಖಲಾಗುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕು. ಅದನ್ನು ಬೆನ್ನು ಹತ್ತಲೆಂದೇ ಸಂಸತ್ತಿನಲ್ಲಿ ಭರವಸೆಗಳ ಸಮಿತಿ ಇದೆ.

ಪ್ರಶ್ನೆಗೆ ಬಲವಿಲ್ಲ ಎನ್ನುವವರಿಗೆ ನಾನು 1959ನ್ನು ಹೇಳುತ್ತೇನೆ. ಭಾರತ ತನ್ನದೆನ್ನುವ ಲಡಾಖಿನ ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಕಡಿದು ಮುಗಿಸಿ ಎರಡು ವರ್ಷವಾಗಿತ್ತು. ವಿದೇಶಾಂಗ ಖಾತೆಯನ್ನೂ ಇಟ್ಟುಕೊಂಡಿದ್ದ ಪ್ರಧಾನಿ ನೆಹರೂ ಅದನ್ನು ಲೋಕಸಭೆಯಲ್ಲಿ ಒಪ್ಪಿಕೊಂಡದ್ದು ಆ ಆಗಸ್ಟಿನಲ್ಲಿ, ಸದಸ್ಯರು ಕೇಳಿದ ಮೇಲೆ. ಮರುತಿಂಗಳೇ ಚೀನಾದೊಂದಿಗಿನ ಪತ್ರವ್ಯವಹಾರದ ಶ್ವೇತಪತ್ರ ಹೊರಬಂತು. ಅದೇ ಚೀನಾ ಯುದ್ಧದ ವೇಳೆಗೆ 1962ರಲ್ಲಿ, ಕೋವಿಡ್ ಹೊತ್ತಿಗೆ 2020ರ ಸೆಪ್ಟೆಂಬರಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಕಷ್ಟದ ದಿನಗಳಲ್ಲೇ ಹೆಚ್ಚು ಕೇಳಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಂಗತಿ. ನಿಮ್ಮ ಕಾಗದ ಬಂದ ವಾರವೇ ಉಪ್ಪಳದಿಂದ ತಾಯಿಯೊಬ್ಬರು ಕಚೇರಿಗೆ ಬಂದಿದ್ದರು. ಮಗ ಗಲ್ಫಿನಲ್ಲಿ ಕೆಲಸ ಹೋಗಿ, ಟಿಕೆಟಿಗೂ ದುಡ್ಡಿಲ್ಲದೆ ರೂಮಿನಲ್ಲಿ ಕೂತಿದ್ದಾನೆ. ಪ್ಲಾಸ್ಟಿಕ್ ತೊಟ್ಟೆಯಿಂದ ಅವರು ತೆಗೆದದ್ದು ಪಾಸ್‌ಪೋರ್ಟಿನ ಜೆರಾಕ್ಸ್, ಅದರೊಳಗೆ ನಾಲ್ಕು ಮಡಿಕೆಯ ನಮ್ಮ ಅದೇ ಪುಟ. ಸಂಕಷ್ಟದಲ್ಲಿರುವವರಿಗೆ ಊರಿಗೆ ಮರಳಲು ರಾಯಭಾರ ಕಚೇರಿಗಳು ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೊಡುತ್ತವೆ ಎಂಬ ಸಚಿವರ ಸಾಲಿನ ಕೆಳಗೆ ಮಗಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು. 'ಇದು ನಮಗೂ ಸಿಗ್ತದಾ ಅಣ್ಣಾ?' ಎಂದು ಕೇಳಿದರು. ಕೂತು ಅರ್ಜಿ ಬರೆದೆವು. ಮಗ ಇನ್ನೂ ಬಂದಿಲ್ಲ. ರಾಯಭಾರ ಕಚೇರಿಯಿಂದ ಫೋನ್ ಬಂದಿದೆಯಂತೆ.

ಮುಂದಿನ ಅಧಿವೇಶನಕ್ಕೆ ಮೊದಲು ಅಡಿಕೆಯ ಪ್ರಶ್ನೆಯನ್ನು ಬರೆದು ನಮ್ಮ ಸಂಸದರಿಗೆ ತಲುಪಿಸಬೇಕೆಂದಿದ್ದೇನೆ. ನೀವು ಚಾಲಿ ಕೊಟ್ಟ ದಿನ, ತೂಕ, ದರವನ್ನು ಪುಸ್ತಕದಲ್ಲಿ ಬರೆದಿಡುವವರು ಎಂದು ನನಗೆ ಗೊತ್ತು. 2022ರಿಂದ ಈಚಿನ ಪುಟಗಳ ನಕಲು ಕಳಿಸಿಕೊಡಿ, ಮಾಸ್ಟ್ರೇ. ಕರಡನ್ನು ನಿಮಗೇ ಮೊದಲು ತೋರಿಸುತ್ತೇನೆ. ಕೆಂಪು ಶಾಯಿಯಲ್ಲಿ ತಿದ್ದಿ.

— ಸಂಪಾದಕ