ಕಾಡಿನ ಕಲ್ಲಿಗೆ ಗೂಟ ನೆಟ್ಟರೆ ಹಕ್ಕು ಬರುತ್ತದೆಯೇ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಜಮೀನಿಗೆ ಹೊಂದಿಕೊಂಡಿರುವ ಅರಣ್ಯದ ಗುಡ್ಡದಿಂದ ಅಜ್ಜನ ಕಾಲದಲ್ಲಿ ಊರಿನವರು ಮನೆಯ ತಳಪಾಯಕ್ಕೆ ಕಲ್ಲು ಒಡೆದು ತರುತ್ತಿದ್ದರು. ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು, ಅಲ್ಲಿ ಸರ್ಕಾರಿ ಕಾಡಿನಲ್ಲಿ ಗೂಟ ನೆಟ್ಟು ದಾಖಲಿಸಿದರೆ ಸಾಮಾನ್ಯರಿಗೂ 20 ಎಕರೆಯವರೆಗೆ ಗಣಿ ಹಕ್ಕು ಸಿಗುತ್ತದೆ ಎನ್ನುತ್ತಾರೆ. ಹಾಗಿರುವಾಗ ಹತ್ತು ಗುಂಟೆಯಲ್ಲಿ ಕಲ್ಲು ತೆಗೆಯಲು ನಮಗೇಕೆ ಅನುಮತಿ ಸಿಗಬಾರದು?

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅಮೆರಿಕದ 1872ರ ಗಣಿ ಕಾಯ್ದೆಯಂತೆ, ಗಣಿಗಾರಿಕೆಗೆ ಮುಚ್ಚದೆ ಉಳಿದಿರುವ ಸರ್ಕಾರಿ ನೆಲದಲ್ಲಿ ಚಿನ್ನದಂತಹ ಖನಿಜವನ್ನು ಕಂಡುಹಿಡಿದವರು ಗಡಿ ಗುರುತಿಸಿ ಹಕ್ಕು ದಾಖಲಿಸಬಹುದು. ಹೊಳೆಯ ಮರಳಿನಲ್ಲಿ ಬೆರೆತು ಸಿಗುವ ಖನಿಜಕ್ಕಾದರೆ ಒಬ್ಬರಿಗೆ 20 ಎಕರೆಯ ಮಿತಿಯಿದೆ. ಈ ಹಕ್ಕು ಖನಿಜದ ಮೇಲಿನದೇ ಹೊರತು ನೆಲದ ಒಡೆತನವಲ್ಲ. ಅಲ್ಲಿನ ಅರಣ್ಯ ಇಲಾಖೆ 1974ರಲ್ಲಿ ತಂದ ನಿಯಮಗಳು ನೋಡುವುದು ನೆಲ ಎಷ್ಟು ಕದಡುತ್ತದೆ ಎಂಬುದನ್ನು. ಬಾಣಲೆಯಲ್ಲಿ ಮರಳು ಜಾಲಿಸಿ ಚಿನ್ನ ಹುಡುಕುವವರನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ನೆಲಕ್ಕೆ ಗಣನೀಯ ಧಕ್ಕೆ ಆಗಬಹುದೆನ್ನಿಸಿದರೆ ವಲಯದ ಅಧಿಕಾರಿಗೆ ಮುಂಚಿತವಾಗಿ ಸೂಚನೆ ಕೊಡಬೇಕು. ಧಕ್ಕೆ ಆಗುವ ಸಂಭವ ಸ್ಪಷ್ಟವಾಗಿದ್ದರೆ ಕೆಲಸದ ಪೂರ್ಣ ಯೋಜನೆಗೆ ಒಪ್ಪಿಗೆ ಪಡೆಯಬೇಕು ಮತ್ತು ಅಗೆದ ನೆಲವನ್ನು ಸರಿಪಡಿಸುವ ವೆಚ್ಚಕ್ಕೆ ಭದ್ರತಾ ಠೇವಣಿ ಕೇಳಿದರೆ ಇಡಬೇಕು. ಅಲ್ಲದೆ, ಸಾಮಾನ್ಯ ಮರಳು, ಕಲ್ಲು, ಜಲ್ಲಿಗಳನ್ನು 1955ರಲ್ಲಿಯೇ ಈ ಹಕ್ಕಿನಿಂದ ಹೊರಗಿಟ್ಟಿದ್ದಾರೆ. ನೀವು ಕೇಳುತ್ತಿರುವ ತಳಪಾಯದ ಕಲ್ಲಿಗೆ ಅಲ್ಲಿಯೂ ಗೂಟ ನೆಡಲಾಗದು ಎಂಬುದನ್ನು ಅಳಿಯಂದಿರಿಗೆ ತಿಳಿಸಬಹುದು.

ನಮ್ಮಲ್ಲಿ ಗೂಟ ನೆಟ್ಟು ಹಕ್ಕು ಪಡೆಯುವ ಪದ್ಧತಿಯೇ ಇಲ್ಲ. ಕಟ್ಟಡದ ಕಲ್ಲು ಉಪಖನಿಜ, ಅಂದರೆ ಮರಳು, ಜಲ್ಲಿಗಳ ಸಾಲಿಗೆ ಸೇರಿದ ಸಾಮಾನ್ಯ ಖನಿಜವಾದ್ದರಿಂದ, ಕೇಂದ್ರದ 1957ರ ಗಣಿ ಮತ್ತು ಖನಿಜ ಕಾಯ್ದೆ ಕೊಟ್ಟ ಅಧಿಕಾರದಂತೆ ರಾಜ್ಯವು 1994ರಲ್ಲಿ ರಚಿಸಿದ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಗಣಿ ಮತ್ತು ಭೂವಿಜ್ಞಾನ ಇಲಾಖೆ ಗುತ್ತಿಗೆ ನೀಡುತ್ತದೆ. ಜಾಗ ಅರಣ್ಯವಾಗಿದ್ದರೆ ಆ ಇಲಾಖೆಯ ಒಪ್ಪಿಗೆಯೊಂದೇ ಸಾಲದು; 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಹತ್ತು ಗುಂಟೆಯಾದರೇನು ಎಂಬ ನಿಮ್ಮ ವಾದ ಬಿದ್ದುಹೋಗುವುದು ಇಲ್ಲಿಯೇ, ಏಕೆಂದರೆ ವಿಸ್ತೀರ್ಣ ಚಿಕ್ಕದೆಂಬ ಕಾರಣಕ್ಕೆ ಕಲ್ಲು ಗಣಿಗೆ ಈ ಕಾಯ್ದೆ ವಿನಾಯಿತಿ ಕೊಡುವುದಿಲ್ಲ. ಅನುಮತಿ ದೊರೆತರೂ ಪರಿಹಾರಾತ್ಮಕ ಅರಣ್ಯೀಕರಣದ (ಕಳೆದ ಕಾಡಿಗೆ ಬದಲಾಗಿ ಬೇರೆಡೆ ಗಿಡ ನೆಡುವ) ವೆಚ್ಚ ಮತ್ತು ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವನ್ನು (ಆ ಕಾಡಿನಿಂದ ಸಿಗುತ್ತಿದ್ದ ಪ್ರಯೋಜನಗಳಿಗೆ ಕಟ್ಟಿದ ಬೆಲೆಯನ್ನು) ತುಂಬಬೇಕು. ಒಂದು ಮನೆಯ ತಳಪಾಯಕ್ಕಾಗಿ ಈ ದಾರಿ ಹಿಡಿಯುವುದು ನನ್ನ ಮಟ್ಟಿಗೆ ವಿವೇಕವಲ್ಲ.

ಅಜ್ಜನ ಕಾಲದ ರೂಢಿಯನ್ನು ಮುಂದಿಟ್ಟು ಗುತ್ತಿಗೆಯನ್ನಾಗಲಿ ಅನುಮತಿಯನ್ನಾಗಲಿ ಕೇಳಲಾಗದು. ಪಹಣಿಯಲ್ಲಿ ಅರಣ್ಯ ಎಂದು ಬರೆದಿಲ್ಲ ಎಂಬ ಧೈರ್ಯವೂ ಬೇಡ: ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಹೇಳಿದೆ.

ನಿಮ್ಮ ತಾಲ್ಲೂಕಿಗೆ ಇನ್ನೂ ಎರಡು ತೊಡಕುಗಳಿವೆ. ವನ್ಯಜೀವಿಧಾಮದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂಬ ನಿಷೇಧವನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿಯೂ ಉಳಿಸಿಕೊಂಡಿದೆ. ತೋಳಗಳಿಗೆ ಹೆಸರಾದ ಮೇಲುಕೋಟೆ ವನ್ಯಜೀವಿಧಾಮಕ್ಕೂ ಇದು ಅನ್ವಯಿಸುತ್ತದೆ. ಎರಡನೆಯದು ಕೃಷ್ಣರಾಜಸಾಗರ ಅಣೆಕಟ್ಟೆ; ಅದರ ವಿಷಯ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲು ಗಣಿಗಳ ಸಿಡಿಮದ್ದಿನ ಸದ್ದು ಎಬ್ಬಿಸಿದ ವಿವಾದದ ನಂತರ, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸಬಾರದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತ್ತು.

ಅನುಮತಿಯಿಲ್ಲದೆ ಕಲ್ಲು ತೆಗೆದರೆ 1957ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಸೆರೆವಾಸ, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ಟ್ರ್ಯಾಕ್ಟರ್ ಜಪ್ತಿಯಾಗುತ್ತದೆ, ಅರಣ್ಯ ಕಾಯ್ದೆಯ ಮೊಕದ್ದಮೆ ಬೇರೆ.

ನೀವು ಮೊದಲು ಮಾಡಬೇಕಾದದ್ದು ಸರ್ವೆ. ಕಲ್ಲಿರುವ ಜಾಗ ಅರಣ್ಯದ ಗಡಿಯೊಳಗೆ ಬರುತ್ತದೆಯೋ ನಿಮ್ಮ ಪಹಣಿಯೊಳಗೆ ಬರುತ್ತದೆಯೋ ಎಂಬುದನ್ನು ಭೂಮಾಪಕರಿಂದ ಅಳತೆ ಮಾಡಿಸಿ ಲಿಖಿತವಾಗಿ ಪಡೆಯಿರಿ. ನಿಮ್ಮದೇ ಪಟ್ಟಾ ಜಮೀನಾಗಿದ್ದರೆ ಮಂಡ್ಯದ ಗಣಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರಣ್ಯವಾಗಿದ್ದರೆ ಪರವಾನಗಿ ಇರುವ ಕ್ವಾರಿಯಿಂದ ಕಲ್ಲು ಕೊಂಡು, ಸಾಗಣೆಯ ಪರ್ಮಿಟ್ ಚೀಟಿಯನ್ನು ಮನೆ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.