ನೆರೆ ಬಂದಾಗ ಹೆಣ್ಣು-ಗಂಡು ಅನ್ನೋ ಭೇದ ನಿಜವಾಗ್ಲೂ ಇರುತ್ತಾ? ಆರೋಗ್ಯ ಸಿಬ್ಬಂದಿ ಏನಂತೀರಿ?

ಸಮಾಜಕಾರ್ಯ ಓದುತ್ತಿದ್ದೇನೆ, ಇದೇ ವಿಷಯಕ್ಕೆ ಆರೋಗ್ಯ ಸಿಬ್ಬಂದಿಯನ್ನು ಮಾತಾಡಿಸಬೇಕು ಅಂತ ಬರೆದಿದ್ದೀರಿ. "ನೀರು ನುಗ್ಗುವಾಗ ಗಂಡಸು ಹೆಂಗಸು ಅಂತ ನೋಡುತ್ತಾ?" ಅಂತಲೂ ಕೇಳಿದ್ದೀರಿ. ನೀರು ನೋಡಲ್ಲ. ಆದರೆ ಪರಿಹಾರದ ಪಟ್ಟಿ ಬರೆಯುವವರು, ಯಾರು ಎಲ್ಲಿ ಮಲಗಬೇಕು ಅಂತ ಹೇಳುವವರು ಹೆಚ್ಚಾಗಿ ಗಂಡಸರೇ. ತೊಂದರೆ ಅಲ್ಲಿಂದ ಶುರು.

ನಾನು ಸ್ಟಾಫ್ ನರ್ಸ್. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ಒಂದು ಶಾಲೆಯ ಗಂಜಿ ಕೇಂದ್ರದಲ್ಲಿ ನನ್ನ ಡ್ಯೂಟಿ. ಮಾತ್ರೆ ಇತ್ತು, ಅನ್ನ-ಸಾರಿಗೂ ಕೊರತೆ ಇರಲಿಲ್ಲ. ಆದರೂ ಹೆಂಗಸರು ಒಬ್ಬೊಬ್ಬರಾಗಿ ಉರಿಮೂತ್ರ ಅಂತ ಬರತೊಡಗಿದರು. ಎಂಟು ತಿಂಗಳ ಬಸುರಿಯೊಬ್ಬಳನ್ನು ನೀರು ಯಾಕೆ ಕುಡೀತಿಲ್ಲ ಅಂತ ಗದರಿದೆ. "ಕುಡದ್ರ ರಾತ್ರಿ ಹೊರಗ ಹೋಗಬೇಕಾಕ್ಕೈತ್ರೀ ಸಿಸ್ಟರ್" ಅಂದಳು. ಶೌಚಾಲಯ ಮೈದಾನದ ಆಚೆ ತುದಿಗೆ. ಲೈಟ್ ಇಲ್ಲ, ಚಿಲಕ ಇಲ್ಲ. ವರಾಂಡದಲ್ಲಿ ಮಲಗಿದ ಗಂಡಸರನ್ನು ದಾಟಿಕೊಂಡೇ ಹೋಗಬೇಕು. ಹೇಳೋಕೆ ನಾಚಿಕೆಯೇನಿಲ್ಲ, ಕತ್ತಲಾದ ಮೇಲೆ ನಾವು ಸಿಬ್ಬಂದಿಯೂ ನೀರು ಮುಟ್ಟುತ್ತಿರಲಿಲ್ಲ.

ನಿಯಮ ಇಲ್ಲ ಅಂತಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ 30 ಜನಕ್ಕೆ ಒಂದು ಶೌಚಾಲಯ, ಹೆಂಗಸರು ಮಕ್ಕಳಿಗೆ ಬೇರೆ, ಕೇಂದ್ರದಿಂದ 50 ಮೀಟರ್ ಒಳಗೆ ಅಂತ ಇದೆ. ಚಿಲಕ ಹಾಕಿಸುವ, ಬಲ್ಬು ಹಾಕಿಸುವ ಕೆಲಸ ಮಾತ್ರ ಯಾರ ತಲೆಗೂ ಬಂದಿರಲಿಲ್ಲ.

ಪ್ಯಾಡ್ ಕಥೆ ಇನ್ನೊಂದು. ಲಾರಿಯಲ್ಲಿ ಬಂದ ಹುಡುಗರು ಪಾಪ ಒಳ್ಳೆ ಮನಸ್ಸಿನವರೇ. ಬಿಸ್ಕೆಟ್ ಜೊತೆ ಅದನ್ನೂ ಮೈಕಿನಲ್ಲಿ ಕೂಗಿ ಹಂಚಲು ನಿಂತರು. ಯಾವ ಹೆಂಗಸು ಆ ಸಾಲಿಗೆ ಬರ್ತಾಳೆ ಹೇಳಿ? ಆಶಾ ಕಾರ್ಯಕರ್ತೆ ಡಬ್ಬಗಳನ್ನು ಎತ್ತಿಕೊಂಡು ಒಂದನೇ ಕ್ಲಾಸಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಲ್ಲೇ ಎಲ್ಲ ಖಾಲಿ. ಆಮೇಲೆ ಹೆಂಗಸರು ಮೆಲ್ಲಗೆ ಕೇಳಿದ್ದು ಒಳಉಡುಪು. ಉಟ್ಟ ಸೀರೆಯಲ್ಲೇ ಓಡಿಬಂದವರು. ಅದನ್ನು ಯಾವ ಲಾರಿಯೂ ತಂದಿರಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಆ ವರ್ಷ ಸರ್ಕಾರ ತುರ್ತು ಪರಿಹಾರ ಅಂತ ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು. ಗಂಡನನ್ನು ಬಿಟ್ಟು ತವರಿಗೆ ಬಂದು ಮಕ್ಕಳ ಜೊತೆ ಬೇರೆ ಒಲೆ ಹೂಡಿದವಳು ನಮ್ಮಲ್ಲಿ ಅಣ್ಣನ ಕುಟುಂಬದ ಲೆಕ್ಕಕ್ಕೇ ಸೇರಿದಳು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ಪರಿಹಾರದಲ್ಲಿ ಲಿಂಗಭೇದ ಕೂಡದು ಅನ್ನುತ್ತದೆ. ತಲಾಟಿಯ, ಅಂದರೆ ಗ್ರಾಮ ಲೆಕ್ಕಿಗರ, ಫಾರಂನಲ್ಲಿ ಅವಳಿಗೆ ಜಾಗ ಇಲ್ಲದಿದ್ದರೆ ಕಲಂ ಏನು ಮಾಡುತ್ತೆ?

ಗಂಡಸರಿಗೂ ಕಷ್ಟ ಇತ್ತು. ಮನೆ ಬಿದ್ದವರು ಬಾಯಿಬಿಟ್ಟು ಅಳಲಾರದೆ ಕುಡಿದು ಬರುತ್ತಿದ್ದರು. ಏಟು ಬೀಳುತ್ತಿದ್ದದ್ದು ಹೆಂಡತಿಯರಿಗೆ.

ನನ್ನ ದೊಡ್ಡ ತಕರಾರು ಇರುವುದು ಬೇರೆ. ಅದೇ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯತಿ ಅಧ್ಯಕ್ಷರು, ಎಸ್ಪಿ ಇರುತ್ತಾರೆ. ಆರೋಗ್ಯದ ಕಡೆಯಿಂದ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಒಬ್ಬರು. ಈ ವಾರ ಯಾರಿಗೆ ದಿನ ತುಂಬಿದೆ, ಯಾವ ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ, ಯಾವ ಅಜ್ಜಿ ಹಾಸಿಗೆ ಬಿಟ್ಟು ಏಳಲ್ಲ, ಇದೆಲ್ಲ ಗೊತ್ತಿರುವುದು ಆಶಾಳಿಗೆ. ಅವಳ ಪುಸ್ತಕ ನೋಡಿದರೆ ಮೊದಲ ದೋಣಿ ಯಾರ ಮನೆಗೆ ಹೋಗಬೇಕು ಅಂತ ಐದು ನಿಮಿಷದಲ್ಲಿ ಹೇಳಬಹುದು. ಮಳೆಗಾಲದ ಮುಂಚಿನ ಸಭೆಗೆ ಅವಳನ್ನು ಯಾರೂ ಕರೆಯಲ್ಲ. ನೀರು ಬಂದ ಮೇಲೆ ಕರೆಯುತ್ತಾರೆ, ಅವಳದೇ ಮನೆ ಮುಳುಗಿದ್ದರೂ. ಅವಳಿಗೆ ಸಂಬಳವೂ ಇಲ್ಲ, ಬರೀ ಗೌರವಧನ, ಪ್ರೋತ್ಸಾಹಧನ.

ಬೇರೆ ಕಡೆ ಇದು ಬದಲಾಗಿದೆ. 1991ರ ಚಂಡಮಾರುತದಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 1,40,000 ಜನ ಸತ್ತರು, ಹೆಂಗಸರೇ ಜಾಸ್ತಿ. ಈಗ ಅಲ್ಲಿನ ಚಂಡಮಾರುತ ಮುನ್ನೆಚ್ಚರಿಕೆ ಕಾರ್ಯಕ್ರಮದ ಸ್ವಯಂಸೇವಕರಲ್ಲಿ ಅರ್ಧದಷ್ಟು ಹೆಂಗಸರು. ಹೆಂಗಸೇ ಬಾಗಿಲು ತಟ್ಟಿದರೆ ಒಳಗಿರುವ ಹೆಂಗಸಿಗೆ ಮಾತಾಡೋದು ಸುಲಭ.

ನಿಮ್ಮ ಸಂದರ್ಶನಕ್ಕೆ ಒಂದು ಮಾತು. ಡಾಕ್ಟರ ಮುಂದೆ ಕೂರಿಸಿ ನಮ್ಮನ್ನು ಕೇಳಬೇಡಿ, "ಏನೂ ತೊಂದರೆ ಇಲ್ಲ ಸರ್" ಅಂತೀವಿ ಅಷ್ಟೇ. ಲಸಿಕೆ ದಿನ ಬಿಟ್ಟು, ಮಧ್ಯಾಹ್ನದ ಮೇಲೆ ಅಂಗನವಾಡಿಗೆ ಹೋಗಿ. ನೀವು ಹುಡುಗನಾಗಿದ್ದರೆ ಜೊತೆಗೆ ಒಬ್ಬ ಸಹಪಾಠಿ ಹುಡುಗಿಯನ್ನು ಕರೆದುಕೊಂಡು ಹೋಗಿ. "ಸಮಾನತೆ ಇದೆಯಾ?" ಅಂತ ಶುರು ಮಾಡಬೇಡಿ. ರಾತ್ರಿ ಶೌಚಕ್ಕೆ ಎಲ್ಲಿಗೆ ಹೋಗ್ತಿದ್ರಿ ಅಂತ ಕೇಳಿ.