ಬೇಲರ್‌ನಲ್ಲಿ ಸುಟ್ಟ ವಾಸನೆ ಬಂದರೆ ಮೊದಲು ಬೇರಿಂಗ್ ನೋಡಿ

ರೌಂಡ್ ಬೇಲರ್ (ಒಣಹುಲ್ಲನ್ನು ಉಂಡೆ ಪೆಂಡಿ ಕಟ್ಟುವ ಮಷಿನ್) ಓಡಿಸುವಾಗ ಸುಟ್ಟ ವಾಸನೆ ಬಂತು, ನಿಲ್ಲಿಸಿ ನೋಡಿದರೆ ಏನೂ ಕಾಣಲಿಲ್ಲ, ಬೆಂಕಿ ಆರಿಸುವ ಸಿಲಿಂಡರ್ ಒಂದಿದ್ದರೆ ಸಾಕಾ ಅಂತ ಕೇಳಿದ್ದೀರಿ. ಸಿಲಿಂಡರ್ ಬೇಕೇ ಬೇಕು. ಆದರೆ ವಾಸನೆ ಎಲ್ಲಿಂದ ಬಂತು ಅಂತ ಪತ್ತೆಯಾಗುವವರೆಗೆ ಬೇಲರನ್ನು ಮತ್ತೆ ಹೊಲಕ್ಕೆ ಇಳಿಸಬೇಡಿ.

ನನಗೆ ಮೊದಲ ಅನುಮಾನ ಬೇರಿಂಗ್ ಮೇಲೆ. ಪಿಟಿಒ (ಟ್ರ್ಯಾಕ್ಟರ್‌ನಿಂದ ಬೇಲರ್ ತಿರುಗಿಸುವ ಶಾಫ್ಟ್) ಆಫ್ ಮಾಡಿ, ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ಒಂದೊಂದೇ ನೋಡುತ್ತಾ ಬನ್ನಿ. ಬೇರಿಂಗ್ ಸುತ್ತ ಪೇಂಟ್ ಕಂದಿದೆಯಾ? ಗ್ರೀಸ್ ಕರಗಿ ಕಪ್ಪಗೆ ಇಳಿದಿದೆಯಾ? ರೋಲರ್ ತುದಿಗೆ ಪೆಂಡಿ ಸುತ್ತುವ ನೆಟ್ಟೋ ದಾರವೋ ಸುತ್ತಿಕೊಂಡಿದೆಯಾ? ಈ ದಾರ ಸುಮ್ನೆ ಕೂರುವುದಿಲ್ಲ. ಬಿಗಿಯಾಗುತ್ತಾ ಸೀಲ್ ಒಳಗೆ ನುಗ್ಗಿ ಬೇರಿಂಗನ್ನೇ ಕೆಡಿಸುತ್ತದೆ. ಮೇಲಿಂದ ನೋಡಿದರೆ ಒಂದಿಷ್ಟು ಹುಲ್ಲು ಸಿಕ್ಕಿಕೊಂಡಂತೆ ಕಾಣುತ್ತದೆ, ಅಷ್ಟೇ.

ಮುಟ್ಟದೆಯೇ ಬಿಸಿ ಅಳೆಯುವ ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಕೆಲಸ ನಿಲ್ಲಿಸಿದ ಕೂಡಲೇ ಎಡಬಲ ಎರಡೂ ಕಡೆಯ ಬೇರಿಂಗ್‌ಗಳ ಬಿಸಿ ಹೋಲಿಸಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅದೇ ಕಳ್ಳ. ಕೈಯಿಟ್ಟು ನೋಡುವ ಅಭ್ಯಾಸ ಬೇಡ, ಚರ್ಮ ಕಿತ್ತು ಬರುತ್ತದೆ. ಬೆಲ್ಟ್ ಜಾರಿದರೂ ಇದೇ ವಾಸನೆ ಬರುತ್ತದೆ, ಅದನ್ನೂ ನೋಡಿ.

ಕಂಬೈನ್ (ಕಟಾವು ಮಷಿನ್) ಆದರೆ ಎಂಜಿನ್‌ನ ಟರ್ಬೊ, ಸೈಲೆನ್ಸರ್ ಪೈಪ್ ಸುತ್ತ ಹೊಟ್ಟು ಕೂರದಂತೆ ದಿನಾ ಗಾಳಿ ಹೊಡೆಯಿರಿ. ಆಯಿಲ್ ಲೀಕ್ ಆಗಿ ಹೊಟ್ಟು ನೆನೆದಿದ್ದರೆ ಬರೀ ಗಾಳಿ ಸಾಲದು, ಲೀಕ್ ರಿಪೇರಿ ಆಗಲೇಬೇಕು.

ಸಂಜೆ ಕೆಲಸ ಮುಗಿದ ಮೇಲೂ ಹುಷಾರು. ಒಳಗೆ ಸಣ್ಣ ಕೆಂಡ ಇದ್ದರೆ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳಬಹುದು. ಬಿಸಿ ಮಷಿನ್ ನೇರ ಶೆಡ್‌ಗೆ ನುಗ್ಗಿಸಬೇಡಿ. ಅನುಮಾನ ಇರುವ ಪೆಂಡಿಯನ್ನೂ ಬೇರೆ ಪೆಂಡಿಗಳ ಜೊತೆ ಪೇರಿಸಬೇಡಿ.

ಇನ್ನು ಬೆಂಕಿ ಹತ್ತೇಬಿಟ್ಟರೆ? ಬರೀ ಹೊಗೆ ಇದ್ದಾಗಲೇ ಕಂಡರೆ, ಆಗುವುದಾದರೆ ಒಣಹುಲ್ಲಿಲ್ಲದ ಬರಿ ನೆಲಕ್ಕೆ ಒಯ್ದು ಪೆಂಡಿ ಹೊರಗೆ ಹಾಕಿ. ಜ್ವಾಲೆ ಎದ್ದಿದ್ದರೆ ಆ ಸಾಹಸ ಬೇಡ. ಎಂಜಿನ್ ನಿಲ್ಲಿಸಿ ಇಳಿದು ದೂರ ಬನ್ನಿ, ಮೊದಲು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಬೆಂಕಿ ಸಣ್ಣದಾಗಿದ್ದರೆ ಮಾತ್ರ, ಗಾಳಿಗೆ ಬೆನ್ನು ಕೊಟ್ಟು ಬೆಂಕಿಯ ಬುಡಕ್ಕೆ ಸಿಲಿಂಡರ್‌ನ ಪೌಡರ್ ಹೊಡೆಯಿರಿ. ಕವರ್ ಪಟ್ಟನೆ ತೆಗೆಯಬೇಡಿ, ಗಾಳಿ ಸಿಕ್ಕರೆ ಒಳಗಿನ ಬೆಂಕಿ ಮುಖಕ್ಕೇ ಹಾರುತ್ತದೆ. ಟೈರ್ ಸಿಡಿಯಬಹುದು, ಹೈಡ್ರಾಲಿಕ್ ಪೈಪ್ ಒಡೆದು ಆಯಿಲ್ ಚಿಮ್ಮಬಹುದು. ಹಾಗೆ ಅನ್ನಿಸಿದರೆ ಮಷಿನ್ ಬಿಟ್ಟು ಹೊರಡಿ.

ಸಿಲಿಂಡರ್ ವಿಷಯಕ್ಕೆ ಬಂದರೆ, ಒಂದು ಸಾಲದು. ಸುಮಾರು 4.5 ಕೆಜಿಯ ಎಬಿಸಿ ಪೌಡರ್ (ಹುಲ್ಲು, ಎಣ್ಣೆ, ಕರೆಂಟ್ ಬೆಂಕಿಗೆಲ್ಲ ಆಗುವಂಥದ್ದು) ಒಂದು, ನೀರಿನದ್ದು ಇನ್ನೊಂದು ಇರಲಿ. ಪೌಡರ್ ಜ್ವಾಲೆ ಆರಿಸುತ್ತದೆ, ಹುಲ್ಲಿನೊಳಗಿನ ಕೆಂಡ ತಣ್ಣಗಾಗಲು ನೀರೇ ಬೇಕು. ಡೀಸೆಲ್, ಆಯಿಲ್ ಉರಿಯುತ್ತಿದ್ದರೆ ಮಾತ್ರ ನೀರು ಹಾಕಬೇಡಿ. ನೆಲದ ಮೇಲೆ ನಿಂತೇ ಕೈಗೆ ಸಿಗುವ ಕಡೆ ಒಂದಾದರೂ ಇರಬೇಕು. ಮಷಿನ್ ಅದುರಿ ಅದುರಿ ಪೌಡರ್ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ, ಆಗಾಗ ತಲೆಕೆಳಗು ಮಾಡಿ ಅಲ್ಲಾಡಿಸಿ. ಒಂದು ಸಲ ಒತ್ತಿದ ಮೇಲೆ ಪೂರ್ತಿ ಖಾಲಿಯಾಗದಿದ್ದರೂ ಮತ್ತೆ ತುಂಬಿಸಲೇಬೇಕು, ಒತ್ತಡ ಇಳಿದುಹೋಗಿರುತ್ತದೆ.